ಗಡ್ಡೆ ತೆಗೆದ ಮೇಲಿನ ಮೆದುಳು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಮೆದುಳಿನಲ್ಲಿ ಗಡ್ಡೆ ಎಂದು ಗೊತ್ತಾದರೆ ಮನೆಮಂದಿ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗೆ ಓಡುತ್ತಾರೆ; ಅಲ್ಲಿ ಬಗೆಹರಿಯದಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಇಲ್ಲವೆ ಕಿದ್ವಾಯಿ. ಆಪರೇಷನ್ ಆಗುತ್ತದೆ, ‘ಕರೆಂಟ್’ ಕೊಡಿಸುತ್ತಾರೆ. ಅಲ್ಲಿಯವರೆಗೆ ಹೀಗೆ ಮಾಡಿ, ಹಾಗೆ ಮಾಡಿ ಎಂದು ಹೇಳುವವರಿರುತ್ತಾರೆ. ಊರಿಗೆ ಮರಳಿದ ಮೇಲೆ ಇರುವುದಿಲ್ಲ. ಸ್ಕ್ಯಾನ್ ಚೆನ್ನಾಗಿದೆ, ಕೈಕಾಲು ಆಡುತ್ತವೆ. ಆದರೂ ಪ್ರಾಯದ ಮಗ ಹೊಲದತ್ತ ತಲೆ ಹಾಕುವುದಿಲ್ಲ, ಯಾರಾದರೂ ಹೇಳದಿದ್ದರೆ ಜಳಕವನ್ನೂ ಮಾಡುವುದಿಲ್ಲ. “ಮೊದಲಿನ್ಹಂಗ ಇಲ್ರೀ, ಮೈಗಳ್ಳ ಆಗ್ಯಾನ” ಎಂಬ ಮಾತು ಹುಟ್ಟುವುದು ಆಗ.

ಕೆಲಸಕ್ಕೆ ಕೈಹಚ್ಚುವುದು, ಮುಂದಿನದನ್ನು ಯೋಚಿಸುವುದು, ಬಂದ ಸಿಟ್ಟನ್ನು ತಡೆಯುವುದು ಬಹುಮಟ್ಟಿಗೆ ಹಣೆಯ ಹಿಂದಿರುವ ಮೆದುಳಿನ ಮುಂಭಾಗದ ಕೆಲಸ. ಗಡ್ಡೆಯಿಂದಲೋ ಚಿಕಿತ್ಸೆಯಿಂದಲೋ ಅಲ್ಲಿಗೆ ಪೆಟ್ಟಾದರೆ ಬುದ್ಧಿ, ಮಾತು ಇದ್ದೂ ಚಾಲನೆ ಹೋಗಬಹುದು. “ಈಗ ಏಳ್ತೀನಿ” ಎಂದವನು ಸುಳ್ಳು ಹೇಳುತ್ತಿಲ್ಲ, ಏಳುವುದಷ್ಟೇ ಆಗುತ್ತಿಲ್ಲ. ಬೈದರೆ ಮುದುಡುತ್ತಾನೆ. ದಿನವೂ ಅದೇ ಹೊತ್ತಿಗೆ, ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಮೊಬೈಲಿನಲ್ಲಿ ಅಲಾರಂ ಇಟ್ಟರೆ ಎಷ್ಟೋ ವಾಸಿ.

ಔಷಧಗಳ ಪಾಲೂ ಇದೆ. ಮೆದುಳಿನ ಬಾವು ಇಳಿಸಲು ಕೊಡುವ ಡೆಕ್ಸಾಮೆಥಾಸೋನ್ ನಿದ್ದೆ ಕೆಡಿಸುತ್ತದೆ, ಹಸಿವು ಹೆಚ್ಚಿಸುತ್ತದೆ, ಮುಖ ಊದಿಸುತ್ತದೆ, ಸಕ್ಕರೆ ಏರಿಸುತ್ತದೆ. ಮುಖ ಊದಿತೆಂದು ಗುಳಿಗೆಯನ್ನು ಥಟ್ಟನೆ ಬಿಡಿಸುವುದು ಇನ್ನೂ ಅಪಾಯ: ದೇಹ ತನ್ನದೇ ಸ್ಟಿರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿಕೊಂಡಿರುತ್ತದೆ. ವೈದ್ಯರು ಹೇಳಿದಂತೆ ಹಂತಹಂತವಾಗಿಯೇ ಇಳಿಸಬೇಕು. ಫಿಟ್ಸ್ ತಡೆಯುವ ಲೆವೆಟಿರಾಸಿಟಮ್ ಕೆಲವರಲ್ಲಿ ವಿಪರೀತ ಸಿಡುಕು ತರುತ್ತದೆ. ಅದನ್ನು ವೈದ್ಯರಿಗೆ ತಿಳಿಸಿದರೆ ಬೇರೆ ಔಷಧಕ್ಕೆ ಬದಲಿಸಬಹುದು.

ಇನ್ನು ‘ಕರೆಂಟ್’. ಅದು ವಿದ್ಯುತ್ತಲ್ಲ, ವಿಕಿರಣ. ಗ್ಲಯೊಬ್ಲಾಸ್ಟೊಮಾ ಎಂಬ ಉಗ್ರ ಗಡ್ಡೆಗೆ ಸಾಮಾನ್ಯವಾಗಿ 6 ವಾರಗಳಲ್ಲಿ 30 ಕಂತಾಗಿ 60 ಗ್ರೇ ಪ್ರಮಾಣದ ವಿಕಿರಣ ಕೊಡುತ್ತಾರೆ, ಜತೆಗೆ ಟೆಮೊಜೊಲೊಮೈಡ್ ಮಾತ್ರೆ. ಮುಗಿದ ಕೆಲ ವಾರಗಳಲ್ಲಿ ಕೆಲವರಿಗೆ ಸದಾ ತೂಕಡಿಕೆ ಬರುತ್ತದೆ. ಅದು ಹೆಚ್ಚಾಗಿ ತಾನಾಗಿ ಇಳಿಯುತ್ತದೆ. ಮೊದಲ ತಿಂಗಳುಗಳ ಸ್ಕ್ಯಾನಿನಲ್ಲಿ ಗಡ್ಡೆ ಬೆಳೆದಂತೆ ಕಂಡು, ಆಮೇಲೆ ಅದು ಚಿಕಿತ್ಸೆಯ ಊತವೆಂದು ತಿಳಿಯುವುದೂ ಉಂಟು. ಹೊಸ ನೆನಪು ಕೂಡಿಡುವ ಹಿಪೊಕ್ಯಾಂಪಸ್ ವಿಕಿರಣಕ್ಕೆ ಬಹಳ ಸೂಕ್ಷ್ಮ. ಅದಕ್ಕೇ ಹಳೆಯ ಜಾತ್ರೆಯ ನೆನಪು ಗಟ್ಟಿಯಾಗಿದ್ದು, ಬೆಳಗಿನ ಗುಳಿಗೆ ಮರೆತುಹೋಗುತ್ತದೆ. ಇಂಥ ಮರೆವು ವರ್ಷಗಳ ನಂತರವೂ ತಲೆದೋರಬಹುದು.

ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡುವುದು, ಚಪ್ಪಲಿ ಮೂಸಿಸುವುದು ಬೇಡ. ಬಾಯಿಗೆ ಏನನ್ನೂ ತುರುಕದೆ ಪಕ್ಕಕ್ಕೆ ಮಲಗಿಸಿ; 5 ನಿಮಿಷ ದಾಟಿದರೆ ಆಸ್ಪತ್ರೆ. ಒಬ್ಬನೇ ಬಾವಿಗೋ ಮಲಪ್ರಭೆಗೋ ಇಳಿಯಬಾರದು. ಬೈಕು, ಟ್ರ್ಯಾಕ್ಟರ್ ಹಿಡಿಯುವ ಮುನ್ನ ವೈದ್ಯರ ಒಪ್ಪಿಗೆ ಬೇಕು. ಸಿಡುಕು, ಮಂಕುತನದ ವಿಚಾರಣೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರದಲ್ಲೇ ಇದೆ. ಮಗನ ಫೈಲನ್ನು ಮಗನಿಂದಲೇ ಮುಚ್ಚಿಡುವವರಿದ್ದಾರೆ. ಅದು ಮಮತೆಯೇ ಇರಬಹುದು, ಆದರೆ ಮೆದುಳು ಅವನದು, ತಿಳಿಯುವ ಹಕ್ಕೂ ಅವನದು.

ಕೊನೆಗೆ ನೆಂಟರ ಸಲಹೆ: “ಮದುವಿ ಮಾಡ್ರಿ, ಸರಿ ಹೋಗ್ತಾನ.” ಮುಂಭಾಗದ ಗಾಯಕ್ಕೆ ಮದುವೆ ಔಷಧವಲ್ಲ, ರೋಗ ಮುಚ್ಚಿಟ್ಟು ಮಾಡಿದರೆ ಇನ್ನೊಬ್ಬರ ಮಗಳಿಗೆ ಮೋಸ. ಮುಂದೆ ಮಕ್ಕಳು ಬೇಕೆಂದಿದ್ದರೆ ಕೇಳಬೇಕಾದ ಪ್ರಶ್ನೆಯೇ ಬೇರೆ. ಟೆಮೊಜೊಲೊಮೈಡ್ ಗಂಡಸರ ವೀರ್ಯಾಣುಗಳಿಗೆ ಹಾನಿ ಮಾಡಬಲ್ಲದು, ಆದ್ದರಿಂದ ವೀರ್ಯವನ್ನು ಶೀತಲೀಕರಿಸಿಡುವ ಮಾತನ್ನು ಮೊದಲ ಮಾತ್ರೆ ನುಂಗುವ ಮುಂಚೆಯೇ ವೈದ್ಯರ ಬಳಿ ಎತ್ತಬೇಕು.