ಒಂದೂವರೆ ಮಿಲಿಲೀಟರು ಗಾಳಿ

ಹಾಯಿ ಬಿಚ್ಚಿದ ದೋಣಿಯೊಂದು ಸಾಂಟಾ ಮೋನಿಕಾದ ಕಡಲಿನಲ್ಲಿ ಸಾಗುತ್ತಿದ್ದುದನ್ನು ಕಂಡಾಗ, ಹೃದಯದ ಕೋಣೆಗಳೊಳಗೆ ನಳಿಕೆಯನ್ನು ನೂಕುವ ಶ್ರಮವನ್ನು ಹರಿಯುವ ರಕ್ತಕ್ಕೇ ಒಪ್ಪಿಸಬಹುದಲ್ಲವೆ ಎಂಬ ಆಲೋಚನೆ ಲಾಸ್ ಏಂಜಲೀಸಿನ ಹೃದ್ರೋಗತಜ್ಞ ಜೆರೆಮಿ ಸ್ವಾನರಿಗೆ ಹೊಳೆಯಿತಂತೆ. ವಿಲಿಯಂ ಗ್ಯಾಂಜ್ ಮೊದಲಾದ ಸಹೋದ್ಯೋಗಿಗಳೊಡನೆ ಅವರು 1970ರಲ್ಲಿ ಲೋಕಕ್ಕೆ ತಿಳಿಸಿದ ಕ್ಯಾಥೆಟರಿನ ತುದಿಯಲ್ಲಿ ಪುಟ್ಟ ಬಲೂನೊಂದಿದ್ದು, ಕತ್ತಿನ ಅಥವಾ ಎದೆಯ ಅಭಿಧಮನಿಯಿಂದ ಒಳಹೊಕ್ಕು ಬಲಹೃದಯವನ್ನು ದಾಟಿ ಶ್ವಾಸಕೋಶದ ಅಪಧಮನಿಯಲ್ಲಿ ತಂಗುವ ಆ ನಳಿಕೆ ಎಡಹೃದಯದ ಒತ್ತಡವನ್ನು ಪರೋಕ್ಷವಾಗಿ ಅರುಹುತ್ತದೆ.

ಅದನ್ನು ಒಳಸೇರಿಸುವವರು ವೈದ್ಯರು. ಹಗಲಿರುಳು ಅದರ ಬಳಿಯಿರುವವರು ಐಸಿಯುವಿನ ನರ್ಸುಗಳು. ಬಲೂನಿಗೆ ಹಿಡಿಸುವುದು 1.5 ಮಿಲಿಲೀಟರು ಗಾಳಿ ಮಾತ್ರ. ದ್ರವವನ್ನಂತೂ ಎಂದಿಗೂ ತುಂಬಕೂಡದು. ಎಡಹೃದಯದ ಒತ್ತಡವನ್ನಳೆಯಲು, ಮಾನಿಟರಿನ ಮೇಲೆ ಅಪಧಮನಿಯ ಎತ್ತರದ ಅಲೆಯನ್ನು ನೋಡುತ್ತ ನಿಧಾನವಾಗಿ ಊದಿ, ಅದು ಕುಗ್ಗಿ ರೂಪ ಬದಲಿಸಿದೊಡನೆ ನಿಲ್ಲಿಸಿ, 15 ಸೆಕೆಂಡುಗಳೊಳಗೆ ಒತ್ತಡವನ್ನು ಗುರುತಿಸಿಕೊಂಡು, ಗಾಳಿಯನ್ನು ತಾನಾಗಿ ಹೊರಬರಲು ಬಿಡಬೇಕು. ಅಲ್ಪ ಗಾಳಿಗೇ ಅಲೆ ಬದಲಾಯಿತೆಂದರೆ ನಳಿಕೆ ಮುಂದೆ ಸರಿದು ಕಿರಿದಾದ ಕವಲನ್ನು ಹೊಕ್ಕಿದೆಯೆಂದರ್ಥ. ಆಗಲೂ ಪೂರ್ತಿ ಊದುವ ಹಟ ಹಿಡಿದರೆ ರಕ್ತನಾಳ ಒಡೆದು, ರೋಗಿ ರಕ್ತ ಕೆಮ್ಮಿ ಅಸುನೀಗಬಹುದು. ಇದು ವಿರಳ, ಆದರೆ ವೃದ್ಧರಲ್ಲಿಯೂ, ಶ್ವಾಸಕೋಶದ ರಕ್ತದೊತ್ತಡ ಏರಿದವರಲ್ಲಿಯೂ, ರಕ್ತ ಹೆಪ್ಪುಗಟ್ಟದಂತೆ ಔಷಧ ಪಡೆಯುವವರಲ್ಲಿಯೂ ಭಯ ಹೆಚ್ಚು. ಊದುವಾಗ ತಡೆಯೇ ತೋರದಿದ್ದರೆ ಬಲೂನು ಹರಿದಿರಬಹುದೆಂದು ತಿಳಿದು, ಮತ್ತೆ ಊದದೆ ವೈದ್ಯರಿಗೆ ತಿಳಿಸುವುದೇ ಕ್ಷೇಮ.

ಇಷ್ಟು ಭೀಕರವಲ್ಲದ, ಆದ್ದರಿಂದಲೇ ಸುಲಭವಾಗಿ ಕಣ್ತಪ್ಪುವ ದೋಷ ಇನ್ನೊಂದಿದೆ. ಒತ್ತಡವನ್ನಳೆಯುವ ಟ್ರಾನ್ಸ್‌ಡ್ಯೂಸರು ನಾಲ್ಕನೆಯ ಪಕ್ಕೆಸಂದಿಯ ನೇರಕ್ಕೆ, ಎದೆಯ ಪಾರ್ಶ್ವದ ನಡುವೆ, ಹೃತ್ಕರ್ಣದ ಮಟ್ಟದಲ್ಲಿರಬೇಕು. ಅದು 10 ಸೆಂಟಿಮೀಟರು ಕೆಳಗಿಳಿದರೆ ಅಂಕಿ ಸುಮಾರು 7 ಮಿಲಿಮೀಟರು ಪಾದರಸದಷ್ಟು ಸುಳ್ಳಾಗಿ ಏರುತ್ತದೆ. 8 ಇರುವುದು 15 ಆಗಿ ಕಂಡು, ದ್ರವ ಬೇಕಾದ ರೋಗಿಗೆ ಮೂತ್ರ ಹೆಚ್ಚಿಸುವ ಮದ್ದು ದೊರೆಯಬಹುದು. ಮಂಚವನ್ನು ಏರಿಸಿ ಇಳಿಸಿದಾಗಲೆಲ್ಲ ಈ ಮಟ್ಟವನ್ನು ಮತ್ತೆ ನೋಡಬೇಕೆಂಬುದನ್ನು ಯಾವ ಅಲಾರಮೂ ನೆನಪಿಸದು.

1996ರಲ್ಲಿ ಅಮೆರಿಕದ ಅಧ್ಯಯನವೊಂದು ಈ ಕ್ಯಾಥೆಟರು ಹಾಕಿಸಿಕೊಂಡವರಲ್ಲಿ ಸಾವು ಹೆಚ್ಚೆಂದು ಹೇಳಿ ಕಳವಳವೆಬ್ಬಿಸಿತು. 2005ರ ಬ್ರಿಟಿಷ್ ಪರೀಕ್ಷೆಯೊಂದು ಸ್ಪಷ್ಟವಾದ ಹಾನಿಯನ್ನೂ ಕಾಣಲಿಲ್ಲ, ಲಾಭವನ್ನೂ ಕಾಣಲಿಲ್ಲ. ಬಳಕೆ ಇಳಿದು, ಇಂದು ಅದು ಬಹುಮಟ್ಟಿಗೆ ಹೃದಯದ ಶಸ್ತ್ರಚಿಕಿತ್ಸೆ, ತೀವ್ರ ಹೃದಯವೈಫಲ್ಯಗಳಂಥ ಸಂದರ್ಭಗಳಿಗೆ ಸೀಮಿತವಾಗಿದೆ. ಇದರಿಂದ ಹುಟ್ಟಿದ ತೊಡಕು, ನನ್ನೆಣಿಕೆಯಲ್ಲಿ, ಹಳೆಯದಕ್ಕಿಂತ ಸಣ್ಣದಲ್ಲ: ನಳಿಕೆಯನ್ನು ಅಪರೂಪಕ್ಕೊಮ್ಮೆ ಕಾಣುವ ಘಟಕದಲ್ಲಿ ಆ ಅಲೆಗಳನ್ನು ಓದಲು ಕಣ್ಣು ಪಳಗುವುದೆಂತು? ಅಪಾಯ ತಗ್ಗಿಸಲೆಂದು, ಶ್ವಾಸಕೋಶದ ರಕ್ತನಾಳಗಳು ಆರೋಗ್ಯವಾಗಿದ್ದಲ್ಲಿ, ಬಲೂನನ್ನು ಪದೇ ಪದೇ ಊದುವ ಬದಲು ಅಪಧಮನಿಯ ಡಯಾಸ್ಟೋಲಿಕ್ (ಹೃದಯ ಸಡಿಲಗೊಂಡಾಗಿನ) ಒತ್ತಡದಿಂದಲೇ ಎಡಹೃದಯದ ಒತ್ತಡವನ್ನು ಅಂದಾಜು ಮಾಡಿಕೊಳ್ಳುವ ರೂಢಿಯೂ ಇದೆ.