ಬೇಲಿಯಾಚೆಯ ಬಳಗ

ಆಗಸ್ಟ್ ತಿಂಗಳ ಬೆಳಗಿನ ಐದು ಗಂಟೆ. ನ್ಯೂಜಿಲೆಂಡಿನ ವೈಕಾಟೊ ಬಯಲಿನಲ್ಲಿ ಆ ಹೊತ್ತಿಗೆ ಕಣ್ಣಿಗೆ ಏನೂ ಕಾಣದು, ಎಲ್ಲವೂ ಕಿವಿಗೇ. ದಟ್ಟ ಮಂಜಿನೊಳಗೆ ನೂರಾರು ಗೊರಸು ಜಲ್ಲಿ ದಾರಿ ತುಳಿಯುವ ಸದ್ದು, ನಡುವೆ ಒಂದು ಕೆಮ್ಮು, ಒಂದು ದೊಡ್ಡ ನಿಟ್ಟುಸಿರು, ಹಿಂದಿನಿಂದ ನಾಲ್ಕು ಗಾಲಿಯ ಬೈಕಿನ ಗೊರಗೊರ. ಆಮೇಲೆ ಮಂಜಿನಲ್ಲಿ ಬಿಳಿ ಹಣೆಯೊಂದು ಮೂಡುತ್ತದೆ, ಕಪ್ಪು ಬೆನ್ನು ಮೂಡುತ್ತದೆ, ಕಿವಿಗೆ ಚುಚ್ಚಿದ ಹಳದಿ ಬಿಲ್ಲೆ ಮೂಡುತ್ತದೆ. ಹಾಲು ಕರೆಯುವ ಮನೆಗೆ ಹಸುಗಳು ಸಾಲುಗಟ್ಟಿ ಹೊರಟಿವೆ. ರಸ್ತೆಯಂಚಿನ ಬೇಲಿಯ ಈಚೆ ಮಂಕಿ ಟೋಪಿ, ಮಫ್ಲರ್, ಅಳಿಯನ ಉಣ್ಣೆ ಕೋಟು, ಅದರ ಮೇಲೆ ಹೆಂಡತಿಯ ಶಾಲು ಹೊದ್ದು ನಿಂತವರು ನಮ್ಮ ಬೀಗರು. ವಯಸ್ಸು 74. ಚನ್ನರಾಯಪಟ್ಟಣದ ಕಡೆಯವರು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಸವೆದ ಬಲ ಮಂಡಿ, ಮೇಲ್ದವಡೆಗೆ ಕಟ್ಟಿಸಿದ ಹಲ್ಲು. ಒಂದೊಂದೇ ಹಸುವನ್ನು ಕಣ್ಣಲ್ಲೇ ತೂಗಿ, 'ಇದು ಈದು ಎರಡೇ ದಿನ ಆಗಿರಬೇಕು' ಎಂದು ಮಂಜಿಗೆ ಹೇಳುತ್ತಿದ್ದಾರೆ.

ಮಾರಿನ್ಸ್‌ವಿಲ್ ಎಂಬ ಈ ಊರು ಹಸುವಿನಿಂದಲೇ ಬದುಕುತ್ತದೆ. ಪೇಟೆ ಬೀದಿಯ ಉದ್ದಕ್ಕೂ ಬಣ್ಣ ಬಳಿದ ಹಸುಗಳ ಪ್ರತಿಮೆಗಳಿವೆ. ಊರಿನಲ್ಲಿ ಆರೂವರೆ ಮೀಟರ್ ಎತ್ತರದ ದೊಡ್ಡ ಹಸುವೂ ನಿಂತಿದೆ. ಅದರ ಮುಂದೆ ಮಗಳು ಫೋಟೊ ತೆಗೆಯುತ್ತಿದ್ದರೆ ಬೀಗರು ಹಿಂದಕ್ಕೆ ಹೋಗಿ ಕೆಚ್ಚಲು ಪರೀಕ್ಷಿಸಿ ಬಂದರು. 'ಮಾಡಿದವನಿಗೆ ದನ ಗೊತ್ತಿದೆ' ಎಂದು ತೀರ್ಪು ಕೊಟ್ಟರು.

ಬಂದ ಹೊಸತರಲ್ಲಿ ಅವರು ಹೀಗಿರಲಿಲ್ಲ. ಎಂಟು ಗಂಟೆಗೆ ಮನೆ ಖಾಲಿಯಾಗುತ್ತದೆ: ಮಗಳು ಒಂದು ಕಾರು, ಅಳಿಯ ಒಂದು ಕಾರು, ಮೊಮ್ಮಗಳು ಶಾಲೆಯ ಬಸ್ಸು. ಉಳಿಯುವುದು ಬೆಚ್ಚಗಿನ ಕೋಣೆ, ಮೆತ್ತನೆಯ ಸೋಫಾ, ಬೆಳಿಗ್ಗೆ-ಮಧ್ಯಾಹ್ನ-ರಾತ್ರಿ ಎಂದು ಖಾನೆ ಮಾಡಿಟ್ಟ ಮಾತ್ರೆ ಡಬ್ಬಿ. ಪರದೇಶಕ್ಕೆ ಬಂದ ತಂದೆತಾಯಿಗಳಿಗೆ ಮಕ್ಕಳು ಪ್ರೀತಿಯಿಂದ ಕಟ್ಟಿಕೊಡುವ ಲೋಕ ಇದು. ನಾನು ಮಗನ ಮನೆಗೆ ಬಂದು ನೆಲೆಸಿದಾಗಲೂ ಇದೇ ಲೋಕ. ಬೀಗರು ಕಿಟಕಿಯಿಂದ ಬೀದಿ ನೋಡಿ, ಮತ್ತೆ ಮತ್ತೆ ನನ್ನನ್ನು ಕೇಳುತ್ತಿದ್ದ ಪ್ರಶ್ನೆ ಒಂದೇ: 'ಜನ ಎಲ್ಲಿ?' ಉತ್ತರ ಹುಡುಕಿಕೊಂಡು ಒಂದು ದಿನ ಕೋಲು ಹಿಡಿದು ಹೊರಗೆ ಹೋದರು. ರಸ್ತೆ ತಿರುವಿನ ಹುಲ್ಲುಗಾವಲಲ್ಲಿದ್ದ ಕಡಸುಗಳು ಇವರನ್ನು ಕಂಡು ಮೇಯುವುದು ಬಿಟ್ಟವು. ಒಂದು ಬಂತು, ಹತ್ತು ಬಂದವು, ನೋಡನೋಡುತ್ತ ಇಡೀ ಹಿಂಡೇ ಬೇಲಿಗೆ ಬಂದು ಮೂಗು ಚಾಚಿ ನಿಂತಿತು. ಕಡಸುಗಳ ಕುತೂಹಲ ಎಲ್ಲ ದೇಶದಲ್ಲೂ ಒಂದೇ. ಆ ಸಂಜೆ ಬೀಗರು ಊರಿಗೆ ಫೋನು ಮಾಡಿ ಹೇಳಿದ್ದು ನನಗೆ ಕೇಳಿಸಿತು: 'ಪರವಾಗಿಲ್ಲ, ಇಲ್ಲಿ ಮಾತಾಡಿಸೋರು ಇದ್ದಾರೆ.'

ಮಾರನೆಯ ದಿನ ಆ ಬಳಗವನ್ನು ಇನ್ನಷ್ಟು ಹತ್ತಿರದಿಂದ ಮಾತಾಡಿಸಲು ಹೋಗಿ, ಆಸ್ಪತ್ರೆಯವರು ಕೊಟ್ಟಿದ್ದ ಅಲ್ಯುಮಿನಿಯಂ ಕೋಲನ್ನು ಬೇಲಿಗೆ ಒರಗಿಸಿದರು. ಬೇಲಿಯಲ್ಲಿ ವಿದ್ಯುತ್ತಿತ್ತು. ಜೀವಕ್ಕೆ ಅಪಾಯವಿಲ್ಲದ, ಆದರೆ ಮರೆಯಲಾಗದ ಒಂದು ಹೊಡೆತ. ಬೀಗರು ಆಡಿದ ಮಾತು ಹಾಸನ ಜಿಲ್ಲೆಯ ಶುದ್ಧ ಗ್ರಾಮ್ಯ. ಕಡಸುಗಳು ಒಂದು ಹೆಜ್ಜೆ ಹಿಂದೆ ಸರಿದು ಗೌರವದಿಂದ ಕೇಳಿಸಿಕೊಂಡವು. 'ಅರ್ಧ ಗಂಟೆ ಮಂಡಿ ನೋವೇ ಗೊತ್ತಾಗಲಿಲ್ಲ' ಎಂದು ಆಮೇಲೆ ಹೇಳಿದರು. ಈ ಬೇಲಿಯ ಕಥೆ ಈ ಸೀಮೆಯದೇ. 1930ರ ದಶಕದಲ್ಲಿ ಬಿಲ್ ಗ್ಯಾಲಗರ್ ಎಂಬಾತನ ಕುದುರೆ ಜೋ, ಯಜಮಾನನ ಕಾರಿಗೆ ಮೈ ಉಜ್ಜಿಕೊಳ್ಳುವ ಚಾಳಿ ಬೆಳೆಸಿಕೊಂಡಿತ್ತಂತೆ. ಕಾರು ಅಲುಗಿದರೆ ಕುದುರೆಗೆ ಸಣ್ಣ ಆಘಾತ ತಗಲುವಂತೆ ಆತ ಕಾರಿಗೆ ತಂತಿ ಜೋಡಿಸಿದ. ಅಲ್ಲಿಂದ ಹುಟ್ಟಿದ ವಿದ್ಯುತ್ ಬೇಲಿಯ ಕಂಪನಿ ಇಂದಿಗೂ ಹ್ಯಾಮಿಲ್ಟನ್ನಿನಲ್ಲಿದೆ, ಅದರ ಸರಕು ದೇಶದೇಶಕ್ಕೆ ಹೋಗುತ್ತದೆ. ಕಥೆ ಕೇಳಿದ ಬೀಗರು ಕುದುರೆಯ ಪಕ್ಷ ವಹಿಸಿದರು: 'ಮೈ ಕಡಿದರೆ ಅದು ಇನ್ನೇನು ಮಾಡಬೇಕಿತ್ತು?'

ಹೀಗೆ ಬೇಲಿಗೆ ಅಂಟಿಕೊಂಡು ನಿಲ್ಲುವ ಮುದುಕನನ್ನು ಹಸುಗಳ ಒಡೆಯ ಎಷ್ಟು ದಿನ ಹೊರಗೇ ಬಿಟ್ಟಾನು? ಒಂದು ದಿನ ನಮ್ಮಿಬ್ಬರಿಗೂ ರಬ್ಬರ್ ಬೂಟು ತೊಡಿಸಿ ಒಳಗೆ ಕರೆದೊಯ್ದ. ಹಾಲು ಕರೆಯುವ ಮನೆಯಲ್ಲಿ ಜಾತ್ರೆಯ ರಾಟೆಯನ್ನು ನೆಲಕ್ಕೆ ಮಲಗಿಸಿದಂಥ ದುಂಡನೆಯ ಕಟ್ಟೆ ಮೆಲ್ಲಗೆ ತಿರುಗುತ್ತಿರುತ್ತದೆ. ಹಸು ತಾನಾಗಿ ಹತ್ತುತ್ತದೆ, ಯಾರೋ ಕೆಚ್ಚಲಿಗೆ ನಾಲ್ಕು ಬಟ್ಟಲು ಸಿಕ್ಕಿಸುತ್ತಾರೆ, ಸುತ್ತು ಮುಗಿಯುವಷ್ಟರಲ್ಲಿ ಹಾಲು ಮುಗಿದಿರುತ್ತದೆ, ಹಸು ಹಿಂದೆ ಹಿಂದೆ ನಡೆದು ಇಳಿದು ಹುಲ್ಲಿಗೆ ಹೋಗುತ್ತದೆ. ಈ ತಿರುಗುವ ಕಟ್ಟೆಯನ್ನು 1969ರಲ್ಲಿ ಕಟ್ಟಿದವನು ತಾರಾನಾಕಿ ಸೀಮೆಯ ರೈತ ಮರ್ವ್ ಹಿಕ್ಸ್. ಅದಕ್ಕೂ ಮೊದಲು, 1952ರಲ್ಲಿ, ಹಸುಗಳನ್ನು ಓರೆಸಾಲಿನಲ್ಲಿ ನಿಲ್ಲಿಸಿ ಕರೆಯುವ ಕೊಟ್ಟಿಗೆಯನ್ನು ರೂಪಿಸಿದವನು ವೈಕಾಟೊದವನೇ ಆದ ರಾನ್ ಶಾರ್ಪ್. ಬಾಗಿ ಬಾಗಿ ಹಾಲು ಕರೆದು ನಡು ಬಿದ್ದುಹೋಗುತ್ತಿದ್ದ ರೈತರು ತಮ್ಮ ಬೆನ್ನನ್ನು ಉಳಿಸಿಕೊಳ್ಳಲು ಕಂಡುಕೊಂಡ ದಾರಿಗಳು ಇವು. ಕರೆಯುವವನು ಈಗ ನೆಟ್ಟಗೆ ನಿಂತೇ ಕೆಲಸ ಮಾಡುತ್ತಾನೆ. ನಲವತ್ತು ವರ್ಷ ಕುಕ್ಕರಗಾಲಲ್ಲಿ ಕೂತು ಕರೆದ ಬೀಗರು ಆ ಕಟ್ಟೆಯನ್ನು ನೋಡಿ, ತಮ್ಮ ಮಂಡಿಯನ್ನು ಒಮ್ಮೆ ಸವರಿಕೊಂಡರು.

ಆಮೇಲೆ ಒಂದು ಹಸುವನ್ನು ತೋರಿಸಿ ಹೆಸರು ಕೇಳಿದರು. 'ನಾನೂರ ಹನ್ನೆರಡು' ಎಂದ ಒಡೆಯ. ಇಲ್ಲಿ ಸರಾಸರಿ ಒಂದು ಹಿಂಡಿನಲ್ಲಿ 400ಕ್ಕೂ ಹೆಚ್ಚು ಹಸುಗಳು. ಹೆಸರಿಡುತ್ತ ಕೂತರೆ ಹಾಲು ಕರೆಯುವವರಾರು? 2012ರಿಂದ ಪ್ರತಿ ದನಕ್ಕೂ ಸರ್ಕಾರಿ ಬಿಲ್ಲೆ ಕಡ್ಡಾಯ. ನಮಗೂ ಹಾಗೆಯೇ ಒಂದು ಸಂಖ್ಯೆ ಇದೆ. ಈ ದೇಶದಲ್ಲಿ ವೈದ್ಯರ ಬಳಿ ಹೋದ ಪ್ರತಿಯೊಬ್ಬರಿಗೂ ಏಳು ಅಕ್ಷರ-ಅಂಕಿಗಳ ಆರೋಗ್ಯ ಸಂಖ್ಯೆ ಸಿಗುತ್ತದೆ, ರಕ್ತ ಪರೀಕ್ಷೆಯಿಂದ ಶಸ್ತ್ರಚಿಕಿತ್ಸೆಯವರೆಗೆ ಅದೇ ಗುರುತು. ಬೀಗರಿಗೆ ಇದೊಂದೂ ಒಪ್ಪಿಗೆಯಾಗಲಿಲ್ಲ. ನಾನೂರ ಹನ್ನೆರಡಕ್ಕೆ ಗೌರಿ ಎಂದು ಹೆಸರಿಟ್ಟರು. ವಾರದಲ್ಲಿ ಕಾಳಿ, ತುಂಗೆ, ಕೆಂದಿ, ಭಾಗೀರಥಿ ಎಲ್ಲರೂ ಆದರು. ಒಡೆಯನ ಕೈಯಾಳು ಹುಡುಗ ಮೈಕಿನಲ್ಲಿ 'ಗೋರಿ ಕುಂಟುತ್ತಿದೆ' ಎಂದಾಗ ಒಡೆಯನಿಗೂ ಅರ್ಥವಾಗುತ್ತಿತ್ತು.

ಆದರೆ ನಾನು ಕಂಡ ಅತ್ಯಂತ ಸೊಗಸಾದ ಸಂಭಾಷಣೆ ನಡೆದದ್ದು ಕುರಿಯ ಬಾಯಿಯ ಮುಂದೆ. ಊರಾಚೆ ಗುಡ್ಡದ ಕುರಿಗಾರನಿಗೆ ಎಂಬತ್ತರ ಹತ್ತಿರ. ಎರಡೂ ಕಡೆಯ ಸೊಂಟದ ಕೀಲು ಬದಲಾಯಿಸಿಕೊಂಡವನು. ಅವನು ಕುರಿಯನ್ನು ಅಂಡೂರಿ ಕೂರಿಸಿ, ತನ್ನ ಎರಡು ಮಂಡಿಗಳ ನಡುವೆ ಒರಗಿಸಿಕೊಂಡು, ಕೆಳತುಟಿ ಬಿಡಿಸಿ ಹಲ್ಲು ತೋರಿಸಿದ. ಬೂಕನಬೆಟ್ಟದ ದನಗಳ ಜಾತ್ರೆಯಲ್ಲಿ ಬೆಳೆದ ಬೀಗರಿಗೆ ಇನ್ನೇನು ಬೇಕು? ಎರಡಲ್ಲು, ನಾಲ್ಕಲ್ಲು, ಆರಲ್ಲು, ಬಾಯಿಗೂಡಿದ್ದು: ಅಲ್ಲಿ ಎತ್ತಿನ ವಯಸ್ಸು ಹೇಳುವ ಕ್ರಮ ಅದೇ. ಇಲ್ಲಿ ಕುರಿಗಾರರೂ ಎರಡು, ನಾಲ್ಕು, ಆರು, ತುಂಬಿದ ಬಾಯಿ ಎಂದೇ ಎಣಿಸುತ್ತಾರೆ. ಕುರಿಗಾರ ಒಂದೊಂದು ಕುರಿಯ ಬಾಯಿ ಬಿಡಿಸುತ್ತಿದ್ದ, ಬೀಗರು ಬೆರಳೆತ್ತಿ ವರ್ಷ ಹೇಳುತ್ತಿದ್ದರು, ಆತ ಹೌದೆಂದು ತಲೆಯಾಡಿಸುತ್ತಿದ್ದ. ಒಂದು ಮುದಿ ಕುರಿಯ ಬಾಯಲ್ಲಿ ಸಂದು ಬಿದ್ದಿತ್ತು. ಕುರಿಗಾರ ಬೇಸರದಿಂದ ತಲೆಯಲ್ಲಾಡಿಸಿದ. ಬೀಗರು ಸುಮ್ಮನಿರದೆ ತಮ್ಮ ಮೇಲ್ದವಡೆಯ ಕಟ್ಟುಹಲ್ಲನ್ನು ತೆಗೆದು ಅಂಗೈಯಲ್ಲಿಟ್ಟು ತೋರಿಸಿದರು. ಕುರಿಗೆ ಹುಟ್ಟಿನಿಂದಲೇ ಮೇಲೆ ಮುಂಬಲ್ಲಿಲ್ಲ. 'ಅದಕ್ಕೂ ಇಲ್ಲ, ನನಗೂ ಇಲ್ಲ. ಇಬ್ಬರೂ ಮೇಯ್ತಿಲ್ವಾ?' ಎಂದರು, ಹಲ್ಲಿಲ್ಲದ ಕನ್ನಡದಲ್ಲಿ. ಆ ಮುದುಕ ನಕ್ಕ ನಗೆಗೆ ಕುರಿ ಮಂಡಿಯಿಂದ ಜಾರಿ ಓಡಿತು. ಅಂದಿನಿಂದ ಇಬ್ಬರೂ ಗೆಳೆಯರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು; ಮಾತಿಗೆ ಬರವಿಲ್ಲ.

ಆ ಗುಡ್ಡದಲ್ಲೇ ಬೀಗರು ಜಾರಿ ಬಿದ್ದು ಕಾಲು ಉಳುಕಿಸಿಕೊಂಡರು. ತಗರೊಂದು ಪ್ರೀತಿಯಿಂದ ಹಿಂದಿನಿಂದ ಗುದ್ದಿತ್ತು. ಆಗ ನಮಗೆ ಈ ದೇಶದ ಕಾನೂನಿನ ಪರಿಚಯವಾಯಿತು. ಓವನ್ ವುಡ್‌ಹೌಸ್ ಎಂಬ ನ್ಯಾಯಾಧೀಶರು 1967ರಲ್ಲಿ ಕೊಟ್ಟ ವರದಿಯ ಫಲವಾಗಿ 1974ರಿಂದ ಇಲ್ಲೊಂದು ಅಪಘಾತ ಪರಿಹಾರ ವ್ಯವಸ್ಥೆ ನಡೆದುಬಂದಿದೆ. ಯಾರ ತಪ್ಪು ಎಂದು ಕೇಳುವುದಿಲ್ಲ. ಬಿದ್ದು ಪೆಟ್ಟಾದರೆ ಚಿಕಿತ್ಸೆಯ ವೆಚ್ಚಕ್ಕೆ ನೆರವು ಸಿಗುತ್ತದೆ, ಪ್ರವಾಸಿಗರಿಗೂ. ಆದರೆ ಕಾಯಿಲೆಗೆ ಅದು ಅನ್ವಯಿಸುವುದಿಲ್ಲ. ರಕ್ತದೊತ್ತಡದ ಮಾತ್ರೆಗೆ ಪ್ರವಾಸಿ ತನ್ನ ಜೇಬನ್ನೋ ವಿಮೆಯನ್ನೋ ನಂಬಬೇಕು. ಬೀಗರು ಇದನ್ನು ಕ್ಷಣದಲ್ಲಿ ಗ್ರಹಿಸಿದರು: 'ಅಂದರೆ ಮಂಡಿ ತಾನಾಗಿ ನೋಯಬಾರದು, ತಗರು ಗುದ್ದಿಯೇ ನೋಯಬೇಕು.' ನಗು ಬಂದರೂ ಇದು ದೊಡ್ಡ ಕಾನೂನು. ಅತಿಥಿ ಬಿದ್ದರೂ ಎತ್ತುತ್ತೇನೆ ಎನ್ನುವ ದೇಶವನ್ನು ನಾನು ಮನಸಾರೆ ಗೌರವಿಸುತ್ತೇನೆ. ಇನ್ನೊಂದು ಒಳ್ಳೆಯ ಪದ್ಧತಿ 1998ರಲ್ಲಿ ಬಂದ ಹಸಿರು ಚೀಟಿ: ವೈದ್ಯರು ಔಷಧಿ ಬರೆಯುವ ಹಾಗೆಯೇ ನಡಿಗೆಯನ್ನೂ ವ್ಯಾಯಾಮವನ್ನೂ ಬರೆದುಕೊಡುತ್ತಾರೆ. ನನಗೆ ಬರೆದದ್ದು ದಿನಕ್ಕೆ ಅರ್ಧ ಗಂಟೆ. ಬೀಗರ ಜೊತೆ ಹೊರಟರೆ ಅದು ಎರಡು ಗಂಟೆಯಾಗುತ್ತಿತ್ತು, ಪ್ರತಿ ಬೇಲಿಗೂ ನಿಲ್ಲಬೇಕಲ್ಲ.

ಸೆಪ್ಟೆಂಬರ್‌ನಲ್ಲಿ ಕುರಿಗಾರ ತಬ್ಬಲಿ ಮರಿಯೊಂದನ್ನು ಕೋಟಿನೊಳಗೆ ಇಟ್ಟುಕೊಂಡು ತಂದ. ಹಳ್ಳಿ ಶಾಲೆಗಳಲ್ಲಿ ವಸಂತದ ಹೊತ್ತಿಗೆ ಸಾಕುಪ್ರಾಣಿಗಳ ದಿನ ಮಾಡುತ್ತಾರೆ, ಮಕ್ಕಳು ತಾವು ಸಾಕಿದ ಕುರಿಮರಿ, ಕರುಗಳನ್ನು ತರುತ್ತಾರೆ. ಮರಿ ಮೊಮ್ಮಗಳಿಗೆಂದು ಬಂತು, ಸಾಕಿದ್ದು ಹಿರಿಯರು. ಮರಿಗೆ ಮೊದಲ ದಿನಗಳಲ್ಲಿ ರಾತ್ರಿಯೂ ಹಾಲು ಬೇಕು. ಸಕ್ಕರೆ ಕಾಯಿಲೆಯಿಂದ ಹೇಗೂ ಸರಿರಾತ್ರಿ ಏಳುವ ಬೀಗರು ಆ ಪಾಳಿಯನ್ನು ಸಂತೋಷದಿಂದ ವಹಿಸಿಕೊಂಡರು. ಕೀಲುವಾತದಿಂದ ಬೆರಳು ಮಡಿಸಲಾಗದ ನನ್ನ ಹೆಂಡತಿ ಬೆಚ್ಚಗಿನ ಹಾಲನ್ನು ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡುತ್ತಾಳೆ. ಮರಿ ಮುಂಗಾಲು ಮಡಿಸಿ, ಕತ್ತು ನೀಳ ಮಾಡಿ, ರಬ್ಬರ್ ತೊಟ್ಟನ್ನು ಕಚ್ಚಿ ಗುದ್ದಿ ಗುದ್ದಿ ಕುಡಿಯುತ್ತದೆ. ಬಾಲ ಎಷ್ಟು ಬೇಗ ಅಲ್ಲಾಡುತ್ತದೆಂದರೆ ಕಣ್ಣಿಗೆ ಬಾಲವೇ ಕಾಣುವುದಿಲ್ಲ. ಬಾಟಲಿ ಖಾಲಿಯಾದ ಮೇಲೂ ನೊರೆ ಮೆತ್ತಿದ ಬಾಯಿಂದ ಅವಳ ಸೆರಗು ಎಳೆಯುತ್ತದೆ. ಬೆರಳು ನೋವಿನ ಮಾತು ಆ ತಿಂಗಳು ನಮ್ಮ ಮನೆಯಲ್ಲಿ ಕೇಳಲಿಲ್ಲ.

ಶಾಲೆಯ ಬಯಲಿನಲ್ಲಿ ಸ್ಪರ್ಧೆ. ಹಗ್ಗ ಹಿಡಿದು ನಡೆಸುವುದಾಯಿತು, ಮರಿಯ ಮೈ ಪರೀಕ್ಷೆಯಾಯಿತು, ಕೊನೆಗೆ ಕರೆದರೆ ಓಡಿ ಬರುವ ಪರೀಕ್ಷೆ. ಮೊಮ್ಮಗಳು ಆ ತುದಿಯಲ್ಲಿ ನಿಂತು ಕೂಗಿದಳು. ಮರಿ ಬಾಣದ ವೇಗದಲ್ಲಿ ಹೊರಟು, ಅರ್ಧ ದಾರಿಯಲ್ಲಿ ಬೇಲಿಯಾಚೆ ಮಂಕಿ ಟೋಪಿಯನ್ನು ಕಂಡು, ನೇರವಾಗಿ ಬೀಗರ ಬಳಿಗೆ ಬಂತು. ಬಯಲು ತುಂಬ ಚಪ್ಪಾಳೆ. ತೀರ್ಪುಗಾರ್ತಿ ನಿಯಮದ ಪುಸ್ತಕ ಮುಚ್ಚಿ ಹುಡುಗಿಗೊಂದು ರಿಬ್ಬನ್, ಅಜ್ಜನಿಗೊಂದು ಬಿಸ್ಕತ್ತು ಕೊಟ್ಟಳು.

ಎಲ್ಲವೂ ನಗುವಲ್ಲ. ಒಂದು ಬೆಳಿಗ್ಗೆ ಸಾಲಿನಲ್ಲಿ ಗೌರಿ ಇರಲಿಲ್ಲ. ಗಬ್ಬ ನಿಂತಿರಲಿಲ್ಲ, ಕಾಲೂ ಸರಿಯಿರಲಿಲ್ಲ, ಲಾರಿ ಹತ್ತಿತ್ತು. ಒಡೆಯ ಮುಚ್ಚುಮರೆಯಿಲ್ಲದೆ ಹೇಳಿದ. ಬೀಗರು ಎರಡು ದಿನ ಬೇಲಿಗೆ ಹೋಗಲಿಲ್ಲ. ಮೂರನೆಯ ದಿನ ನನ್ನೊಡನೆ, 'ಬರಗಾಲದಲ್ಲಿ ನಾನೂ ಮುದಿ ಎತ್ತು ಮಾರಿದೀನಿ. ಕೊಂಡವನು ಯಾರು ಅಂತ ಗೊತ್ತಿದ್ದೇ ಮಾರಿದ್ದು' ಎಂದರು. ಅವರನ್ನು ಮತ್ತೆ ಹೊರಡಿಸಿದ್ದು ಕುರಿಗಾರನ ನಾಯಿ. ಹನ್ನೆರಡು ವರ್ಷ ಗುಡ್ಡ ಹತ್ತಿಳಿದು ಬೊಗಳಿ ಹಿಂಡು ಕಾದ ಹಂಟವೇ ತಳಿಯ ನಾಯಿ, ಈಗ ಕೀಲುನೋವಿಗೆ ಮಾತ್ರೆ ನುಂಗಿ ಜಗುಲಿಯ ಬಿಸಿಲಲ್ಲಿ ಮಲಗಿರುತ್ತದೆ. ಮಾತ್ರೆಯನ್ನು ಮಾಂಸದ ತುಂಡಿನಲ್ಲಿ ಅಡಗಿಸಿ ಕೊಟ್ಟರೆ ಮಾಂಸ ತಿಂದು ಮಾತ್ರೆ ಉಗುಳುತ್ತದೆ. ಬೀಗರು ಅದರ ಎದುರು ಕೂತು ತಮ್ಮ ಮಾತ್ರೆ ನುಂಗಿ ತೋರಿಸಿದ ಮೇಲೆ ಅದೂ ನುಂಗಿತು ಎಂದು ಕುರಿಗಾರ ಇಂದಿಗೂ ಸಾಧಿಸುತ್ತಾನೆ.

ಈ ದೇಶದಲ್ಲಿ 1982ರಲ್ಲಿ ಏಳು ಕೋಟಿ ಕುರಿಗಳಿದ್ದವು, ಈಗ ಎರಡೂವರೆ ಕೋಟಿಗಿಂತ ಕಡಿಮೆ. ಕುರಿಗಾರನ ಕೊರಗು ಅದು. ಅದನ್ನು ಮರೆಸಲು ಅವನೇ ಹೇಳುವ ಕಥೆ ಶ್ರೆಕ್ ಎಂಬ ಮೆರಿನೊ ಕುರಿಯದು. ದಕ್ಷಿಣ ದ್ವೀಪದ ಟಾರಸ್ ಬಳಿ ಅದು ಆರು ವರ್ಷ ಕತ್ತರಿಗೆ ಸಿಗದೆ ಗುಹೆಗಳಲ್ಲಿ ತಲೆಮರೆಸಿಕೊಂಡಿತ್ತು. 2004ರಲ್ಲಿ ಸಿಕ್ಕಾಗ ಮೈಮೇಲೆ 27 ಕಿಲೊ ಉಣ್ಣೆ. ಟಿ.ವಿ.ಯಲ್ಲಿ ನೇರ ಪ್ರಸಾರದಲ್ಲಿ ಅದರ ಕ್ಷೌರವಾಯಿತು. ಪ್ರಧಾನಿ ಹೆಲೆನ್ ಕ್ಲಾರ್ಕ್ ಅವರ ಭೇಟಿಯೂ ಆಯಿತು. 2011ರಲ್ಲಿ ಸಾಯುವಾಗ ಅದಕ್ಕೆ 16 ವರ್ಷ, ಕುರಿಗೆ ಅದು ತುಂಬು ಮುಪ್ಪು. 'ನೋಡಿ, ಗುಡ್ಡ ಸುತ್ತಿದ್ದಕ್ಕೇ ಅಷ್ಟು ಬಾಳಿತು' ಎಂದು ಬೀಗರು ಮಗಳಿಗೆ ಹೇಳಿದರು.

ಅವರ ಮಾತನ್ನು ನಾನೂ ಅನುಮೋದಿಸುತ್ತೇನೆ. ತಂದೆತಾಯಿಗೆ ಐದು ವರ್ಷ ಇರಲು ಅವಕಾಶ ಕೊಡುವ ವೀಸಾವನ್ನು ನ್ಯೂಜಿಲೆಂಡ್ 2025ರಲ್ಲಿ ತಂದಿದೆ, ಇನ್ನಷ್ಟು ಹಿರಿಯರು ಬರುತ್ತಾರೆ. ಕರೆಸಿಕೊಳ್ಳುವ ಮಕ್ಕಳೇ, ಆರೋಗ್ಯ ವಿಮೆಯನ್ನು ಮೊದಲೇ ಮಾಡಿಸಿ, ಅದಿಲ್ಲದೆ ಈ ವೀಸಾ ಸಿಗುವುದೂ ಇಲ್ಲ. ಮಾಲು, ಗೋಪುರ ಆಮೇಲೆ ತೋರಿಸಿದರಾಯಿತು. ಬಂದ ಮೊದಲ ವಾರವೇ ಅವರಿಗೊಂದು ಜೊತೆ ರಬ್ಬರ್ ಬೂಟು ಕೊಡಿಸಿ, ಹತ್ತಿರದ ರೈತನ ಪರಿಚಯ ಮಾಡಿಸಿ. ಕೋಲು ಮಾತ್ರ ಮರದ್ದೇ ಇರಲಿ.