ಮೊದಲು ಮಣ್ಣು ನೋಡಿ, ಆಮೇಲೆ ರೋಟಾವೇಟರ್

ನಮ್ಮ ಹೊಲ ಮಸ್ಕಿ ಸೀಮೆಯಲ್ಲಿದೆ. ಟ್ರ್ಯಾಕ್ಟರ್ ಬಾಡಿಗೆಯ ಕೆಲಸ ಮಾತ್ರ ಇತ್ತ ಸಿಂಧನೂರು, ಅತ್ತ ಲಿಂಗಸುಗೂರಿನ ತನಕ. ಮುಂಗಾರಿಗೆ ಮುಂಚೆ ಫೋನ್ ಮಾಡುವವರಲ್ಲಿ ಬಹಳ ಮಂದಿ ಕೇಳುವುದು, ‘ರೋಟಾವೇಟರ್ ತಗೋಬೇಕಂತ ಮಾಡೀವಿ ಅಣ್ಣಾ, ಯಾವುದು ಚಲೋ?’ ಎಂದು. ನಾನು ತಿರುಗಿ ಕೇಳುತ್ತೇನೆ: ‘ನಿಮ್ಮದು ಎರಿ ಹೊಲನೋ, ಮಸಾರಿನೋ? ಕಾಲುವೆ ನೀರು ಐತೋ, ಮಳಿ ನಂಬಿದ್ದೋ?’ ಇದಕ್ಕೆ ಉತ್ತರ ಸಿಗದೆ ಯಾವ ಕಂಪನಿಯ ಹೆಸರು ಹೇಳಿದರೂ ರೈತನ ದುಡ್ಡಿಗೆ ನ್ಯಾಯ ಸಿಗುವುದಿಲ್ಲ.

ನಮ್ಮ ಮೂರೂ ತಾಲ್ಲೂಕು ರಾಯಚೂರು ಜಿಲ್ಲೆಯವೇ ಆದರೂ ನೆಲ ಒಂದೇ ಅಲ್ಲ. ಸಿಂಧನೂರಿನ ಹೆಚ್ಚಿನ ಭಾಗ ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟು. ಅಲ್ಲಿ ಭತ್ತವೇ ದೊಡ್ಡ ಬೆಳೆ. ಲಿಂಗಸುಗೂರಿನ ಒಂದಷ್ಟು ಹೊಲಗಳಿಗೆ ನಾರಾಯಣಪುರ ಬಲದಂಡೆ ಕಾಲುವೆ ನೀರು ಬರುತ್ತದೆ. ಉಳಿದ ಕಡೆ ತೊಗರಿ, ಸಜ್ಜೆ, ಹತ್ತಿ, ಸೂರ್ಯಕಾಂತಿ ಎಲ್ಲವೂ ಮಳೆಯ ಮೇಲೆ. ಲಿಂಗಸುಗೂರು, ಸಿಂಧನೂರು, ಮಾನ್ವಿ ತಾಲ್ಲೂಕುಗಳ ಹಳ್ಳಿಗಳು ಸೇರಿ ಆದ ಮಸ್ಕಿಯಲ್ಲಿ ಗದ್ದೆಯೂ ಉಂಟು, ಒಣ ಬೇಸಾಯವೂ ಉಂಟು. ಹೀಗಿರುವಾಗ ಪಕ್ಕದೂರಿನವರು ಕೊಂಡದ್ದನ್ನೇ ನಾವೂ ಕೊಳ್ಳುವುದು ಸರಿಯಲ್ಲ.

ಎರಿ, ಅಂದರೆ ಕಪ್ಪು ಮಣ್ಣಿನಲ್ಲಿ ಜೇಡಿ ಹೆಚ್ಚು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಹಸಿ ಇದ್ದಾಗ ಗಾಲಿಗೆ ಮೆತ್ತುತ್ತದೆ, ಒಣಗಿದಾಗ ಹೆಂಟೆ ಕಲ್ಲಿನಂತಾಗುತ್ತದೆ. ನಡುವೆ ಸಿಗುವ ಹದದ ದಿನಗಳು ಕಡಿಮೆ. ನಾಲ್ಕು ಬೆರಳು ಆಳದಿಂದ ಹಿಡಿ ಮಣ್ಣು ತೆಗೆದು ಒತ್ತಿ ನೋಡಬೇಕು. ಉಂಡೆಯಾಗಿ, ಬೆರಳು ತಾಗಿಸಿದರೆ ಪುಡಿಯಾಗಿ ಉದುರಿದರೆ ಯಂತ್ರ ಇಳಿಸಬಹುದು. ಅಂಟಿಕೊಂಡು ನಾರಿನಂತೆ ಎಳೆದರೆ ಕಾಯಬೇಕು. ಹದ ತಪ್ಪಿದ ನೆಲದಲ್ಲಿ ಎಷ್ಟು ಒಳ್ಳೆಯ ಯಂತ್ರವಾದರೂ ಡೀಸೆಲ್ ಸುಡುತ್ತದೆ, ನೆಲವನ್ನೂ ಕೆಡಿಸುತ್ತದೆ.

ರೋಟಾವೇಟರಿನ ಕಥೆ 1912ರಲ್ಲಿ ಆಸ್ಟ್ರೇಲಿಯಾದ ಗಿಲ್‌ಗಂಡ್ರದಲ್ಲಿ ಶುರುವಾಯಿತು. ಆರ್ಥರ್ ಕ್ಲಿಫರ್ಡ್ ಹೊವಾರ್ಡ್ ಎಂಬ ತರುಣ ತಂದೆಯ ಹೊಲದ ಉಗಿ ಟ್ರ್ಯಾಕ್ಟರಿನ ಶಕ್ತಿಯಿಂದ ತಟ್ಟೆಗಳನ್ನು ತಿರುಗಿಸಿ ನೆಲ ಹಸನು ಮಾಡಲು ನೋಡಿದ. ತಟ್ಟೆಗಳು ಮಣ್ಣನ್ನು ಪಕ್ಕಕ್ಕೆ ಎಸೆದವು. ಆಮೇಲೆ ‘ಎಲ್’ ಆಕಾರದ ಬಾಗಿದ ಬ್ಲೇಡುಗಳನ್ನು ಕೂರಿಸಿ ದಾರಿ ಕಂಡುಕೊಂಡ. ಇವತ್ತಿಗೂ ಕೆಲಸದ ರೀತಿ ಅದೇ. ಟ್ರ್ಯಾಕ್ಟರಿನ ಎಂಜಿನ್ ಶಕ್ತಿಯನ್ನು ಯಂತ್ರಕ್ಕೆ ಸಾಗಿಸುವ ಪಿಟಿಒ ಶಾಫ್ಟ್ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಗೇರ್‌ಬಾಕ್ಸ್ ಆ ವೇಗ ತಗ್ಗಿಸಿ ರೋಟರಿಗೆ ಕೊಡುತ್ತದೆ, ಬ್ಲೇಡುಗಳು ನಾಲ್ಕರಿಂದ ಆರು ಇಂಚು ಆಳದ ಮಣ್ಣನ್ನು ಕೊಚ್ಚುತ್ತವೆ. ಅದಕ್ಕಿಂತ ಕೆಳಗಿನ ನೆಲವನ್ನು ಇದು ಸಡಿಲಿಸುವುದಿಲ್ಲ. ಕೊಳ್ಳುವವರು ಈ ಮಾತು ಮರೆಯಬಾರದು.

ಸಿಂಧನೂರಿನ ಗದ್ದೆಗೆ ರೋಟಾವೇಟರ್ ತಕ್ಕ ಯಂತ್ರ. ಕಟಾವು ಯಂತ್ರ ಹೋದ ಮೇಲೆ ನಿಂತ ಭತ್ತದ ಕೂಳೆಗೆ ಬೆಂಕಿ ಹಚ್ಚುವ ಬದಲು, ಕೊಚ್ಚಿ ಮಣ್ಣಿಗೆ ಸೇರಿಸಬಹುದು. ನೀರು ಕಟ್ಟಿ ರಾಡಿ ಮಾಡುವಾಗ ನೀರು ಕೆಳಗೆ ಇಂಗುವುದು ಕಡಿಮೆಯಾಗುತ್ತದೆ, ಕಳೆ ಹೂತು ಹೋಗುತ್ತದೆ, ನಾಟಿ ಹಗುರಾಗುತ್ತದೆ. ಹತ್ತಿ ಬಿಡಿಸಿದ ಮೇಲೆ ಕಟ್ಟಿಗೆ ಕೊಚ್ಚಲೂ ಇದು ಬರುತ್ತದೆ. ರಾಡಿಗೆ ಇಳಿಸುವುದಾದರೆ ಪಕ್ಕದ ಬೇರಿಂಗಿನ ಆಯಿಲ್ ಸೀಲ್ ಬಿಗಿಯಾಗಿದೆಯೇ ಎಂದು ಮೊದಲು ನೋಡಿ. ಕೆಸರು ನೀರು ಒಳಹೊಕ್ಕರೆ ಬೇರಿಂಗ್ ಬೇಗ ಸವೆಯುತ್ತದೆ. ಕೇಜ್‌ವೀಲ್ ಎಂಬ ಕಬ್ಬಿಣದ ಗಾಲಿ ಹಾಕಿದ ಟ್ರ್ಯಾಕ್ಟರನ್ನು ಡಾಂಬರು ರಸ್ತೆಗೆ ತರಬೇಡಿ, ರಸ್ತೆ ಕಿತ್ತುಹೋಗುತ್ತದೆ; ಆ ರಸ್ತೆ ನಮ್ಮ ಭತ್ತ ಸಾಗುವ ರಸ್ತೆಯೂ ಹೌದು.

ಲಿಂಗಸುಗೂರು, ಮಸ್ಕಿಯ ಒಣ ಬೇಸಾಯದ ಹೊಲಕ್ಕೆ ನನ್ನ ಸಲಹೆ ಬೇರೆ. ‘ಹಿಟ್ಟಿನಂಗ ಮಾಡಿಕೊಡು’ ಎಂದು ಕೇಳುವವರು ಬಹಳ. ಮಸಾರಿ, ಅಂದರೆ ಕೆಂಪು ಮಣ್ಣನ್ನು ಹಾಗೆ ನುಣ್ಣಗೆ ಮಾಡಿದರೆ ಮೊದಲ ದೊಡ್ಡ ಮಳೆಗೆ ಮೇಲ್ಪದರ ಹೆಪ್ಪುಗಟ್ಟುತ್ತದೆ. ಸಜ್ಜೆಯಂಥ ಸಣ್ಣ ಕಾಳಿನ ಮೊಳಕೆ ಅದನ್ನು ಸೀಳಿ ಬರಲಾರದು, ನೀರು ಇಂಗದೆ ಹರಿದು ಹೋಗುತ್ತದೆ. ವರ್ಷ ವರ್ಷವೂ ಒಂದೇ ಆಳಕ್ಕೆ ಕೊಚ್ಚಿದರೆ ಕೆಳಗೆ ಗಟ್ಟಿ ಪದರ ಕೂರುತ್ತದೆ. ಆಳಕ್ಕೆ ಬೇರಿಳಿಸುವ ತೊಗರಿ, ಹತ್ತಿಗೆ ಅದು ಅಡ್ಡಿ. ಇಂಥ ಹೊಲಕ್ಕೆ ಒಂಬತ್ತು ಹಲ್ಲಿನ ಕಲ್ಟಿವೇಟರ್ ಮುಖ್ಯ ಸಲಕರಣೆಯಾಗಬೇಕು. ಕಲ್ಲು, ಗರಸು ಇರುವಲ್ಲಿ ಸ್ಪ್ರಿಂಗ್ ಇರುವುದನ್ನೇ ಆರಿಸಿ. ಕಲ್ಲು ತಾಗಿದಾಗ ಹಲ್ಲು ಮೇಲೆದ್ದು ದಾಟುತ್ತದೆ. ಗರಿಕೆ, ಜೇಕು ಹಬ್ಬಿದ್ದರೆ ಎರಡು ಮೂರು ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಪಲ್ಟಿ ನೇಗಿಲು ಬಾಡಿಗೆಗೆ ಹೊಡೆಸಿ, ಗಡ್ಡೆಗಳು ಬಿಸಿಲಿಗೆ ಒಣಗಲಿ. ಇಳಿಜಾರಿಗೆ ಅಡ್ಡಲಾಗಿಯೇ ಉಳುಮೆ ಮಾಡಿಸಿ. ಮಳೆ ನೀರು ಸಾಲಿನಲ್ಲೇ ನಿಂತು ಇಂಗುತ್ತದೆ.

ರೋಟಾವೇಟರೇ ಬೇಕೆಂದಾದರೆ ಮೊದಲು ಟ್ರ್ಯಾಕ್ಟರಿನ ಶಕ್ತಿ ನೋಡಿ. ಎಂಜಿನ್ 45 ಎಚ್‌ಪಿ ಎಂದಿದ್ದರೂ ಪಿಟಿಒಗೆ ಸಿಗುವುದು ಸುಮಾರು ಶೇ 85 ಮಾತ್ರ. ಐದು ಅಡಿಯ ಯಂತ್ರಕ್ಕೆ 35ರಿಂದ 45, ಆರು ಅಡಿಗೆ 45ರಿಂದ 50, ಏಳು ಅಡಿಗೆ 50ರಿಂದ 60 ಎಚ್‌ಪಿ ಬೇಕೆಂಬುದು ಸಾಮಾನ್ಯ ಲೆಕ್ಕ. ಎರಿ ನೆಲದಲ್ಲಿ ಒಂದು ಅಡಿ ಕಡಿಮೆ ಇದ್ದರೆ ನೆಮ್ಮದಿ. ಆದರೆ ಅಗಲವು ಹಿಂದಿನ ಟೈರುಗಳ ಹೊರ ಅಂಚನ್ನು ಮುಚ್ಚಬೇಕು, ಇಲ್ಲದಿದ್ದರೆ ಟೈರು ತುಳಿದ ಗುರುತು ಹಾಗೇ ಉಳಿಯುತ್ತದೆ. ಸಾಮಾನ್ಯವಾಗಿ ಐದು ಅಡಿಗೆ 36, ಆರಕ್ಕೆ 42, ಏಳಕ್ಕೆ 48 ಬ್ಲೇಡು. ಒಣ ನೆಲಕ್ಕೂ ಕಸಕಡ್ಡಿಗೂ ‘ಎಲ್’ ಬ್ಲೇಡು, ಅಂಟುವ ಹಸಿ ನೆಲಕ್ಕೆ ‘ಸಿ’ ಬ್ಲೇಡು ಒಳ್ಳೆಯದು. ಬ್ಲೇಡು ಬದಲಿಸುವಾಗ ಹರಿತದ ಕಡೆ ತಿರುಗುವ ದಿಕ್ಕಿಗೇ ಇರಲಿ. ಪಕ್ಕದಲ್ಲಿ ಚೈನಿಗಿಂತ ಗೇರ್ ಇರುವ ಯಂತ್ರ ಗಟ್ಟಿ ನೆಲಕ್ಕೆ ತಾಳುತ್ತದೆ.

ಇನ್ನು ಜೀವದ ಮಾತು. ತಿರುಗುವ ಶಾಫ್ಟಿಗೆ ಪ್ಲಾಸ್ಟಿಕ್ ಕವಚ ಇರಲೇಬೇಕು. ಪಂಚೆ, ಟವೆಲ್, ಸೀರೆಯ ಸೆರಗು ಅದರ ಹತ್ತಿರ ಸುಳಿಯಬಾರದು. ಸುತ್ತಿಕೊಂಡ ಹುಲ್ಲು ತೆಗೆಯುವ ಮೊದಲು ಎಂಜಿನ್ ಬಂದ್ ಮಾಡಬೇಕು. ಬದುವಿನಲ್ಲಿ ತಿರುಗಿಸಲು ಯಂತ್ರ ಎತ್ತುವಾಗ ಪಿಟಿಒ ನಿಲ್ಲಿಸಬೇಕು. ಮಡ್‌ಗಾರ್ಡ್ ಮೇಲೆ ಮಕ್ಕಳನ್ನು ಕೂರಿಸುವ ಅಭ್ಯಾಸ ಇವತ್ತೇ ಬಿಡಿ.

ಕೊಳ್ಳಬೇಕೇ ಬೇಡವೇ? ಐದು ಅಡಿಯ ಯಂತ್ರ ಗಂಟೆಗೆ ಮೂರು ಕಿಲೋಮೀಟರ್ ವೇಗದಲ್ಲಿ ಸಾಗಿದರೆ, ತಿರುವುಗಳ ಹೊತ್ತು ಕಳೆದು, ಗಂಟೆಗೆ ಮುಕ್ಕಾಲು ಎಕರೆಗೂ ತುಸು ಹೆಚ್ಚು ಮುಗಿಯುತ್ತದೆ. ಮೂರು ಎಕರೆಯವರಿಗೆ ಅದು ಅರ್ಧ ದಿನದ ಕೆಲಸ. ಅರ್ಧ ದಿನದ ಕೆಲಸಕ್ಕೆ ಸಾಲ ಮಾಡುವುದು ಬೇಡ. 2014–15ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಕೇಂದ್ರಗಳು ಬಾಡಿಗೆಗೆ ಕೊಡಲೆಂದೇ ಇವೆ. ಕೊಳ್ಳುವವರಿಗೆ ಯಾಂತ್ರೀಕರಣ ಯೋಜನೆಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 50, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 90ರವರೆಗೆ, ಗರಿಷ್ಠ ಮಿತಿಯೊಳಗೆ ಸಹಾಯಧನವಿದೆ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಈ ವರ್ಷದ ಮಿತಿ ಕೇಳಿ ತಿಳಿಯಿರಿ. ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರ ಪರೀಕ್ಷಾ ಸಂಸ್ಥೆಯಿದೆ. ಇಂಥ ಸಂಸ್ಥೆಯ ಪರೀಕ್ಷಾ ವರದಿ ತೋರಿಸಿ ಎಂದು ಅಂಗಡಿಯವರನ್ನು ಕೇಳುವುದು ನಿಮ್ಮ ಹಕ್ಕು.

ಸಹಾಯಧನ ಇದೆಯೆಂದು ಯಂತ್ರ ಕೊಳ್ಳಬೇಡಿ, ಹೊಲಕ್ಕೆ ಬೇಕಿದ್ದರೆ ಕೊಳ್ಳಿ. ಗದ್ದೆಯವರು ನಾಲ್ಕು ಮನೆ ಸೇರಿ ಒಂದು ಒಳ್ಳೆಯ ರೋಟಾವೇಟರ್ ತನ್ನಿ. ಮಳೆ ನಂಬಿದವರು ಕಲ್ಟಿವೇಟರಿಗೆ ದುಡ್ಡು ಹಾಕಿ, ಉಳಿದದ್ದನ್ನು ಬದು ಕಟ್ಟಲು, ತಿಪ್ಪೆಗೊಬ್ಬರ ಹಾಕಲು ಇಟ್ಟುಕೊಳ್ಳಿ. ನಮ್ಮ ಸೀಮೆಯ ನೆಲಕ್ಕೆ ಈಗ ಹೆಚ್ಚು ಬೇಕಾಗಿರುವುದು ಅದೇ.